ಎರಡೂ ಬಾಗಿಲು ತೆರೆದ ದಿನ

ಪಿರೋತ್,
ಫೆಬ್ರವರಿ ೧೭, ೨೦೧೧, ಗುರುವಾರ ಮಧ್ಯಾಹ್ನ

ನನ್ನ ನೆವೆನಾಗೆ, ನಿನ್ನ ಅತ್ತೆ ಸ್ತಾಮೆನಾಳ ಮುದ್ದುಗಳು.

ಮೊದಲು ನಿನ್ನ ಮೈ ಹೇಗಿದೆ ಹೇಳು. ಸೊಂಟಕ್ಕೆ ಉಣ್ಣೆಯ ಪಟ್ಟಿ ಕಟ್ಟುತ್ತಿದ್ದೀಯಾ? ಒದ್ದೆ ತಲೆಯಲ್ಲಿ ಹೊರಗೆ ಓಡಾಡುತ್ತಿಲ್ಲ ತಾನೆ? ನಿನ್ನ ಶೂಟಿಂಗ್ ತರಬೇತಿ ಶಿಬಿರದ ಹುಡುಗಿಯರು ಸಿಮೆಂಟಿನ ಮೆಟ್ಟಿಲ ಮೇಲೆ ಹಾಗೇ ಕೂರುತ್ತಾರೆಂದು ನನ್ನ ಮಗ ರಾಂಜೆಲ್ ಹೇಳಿದ. ಅವರ ತಾಯಂದಿರು ಏನು ಮಾಡುತ್ತಿದ್ದಾರೋ ಕಾಣೆ. ನೀನು ಮಾತ್ರ ಕೆಳಗೆ ಏನಾದರೂ ಹಾಸಿಕೊಂಡು ಕೂತುಕೋ, ಒಂದು ರಟ್ಟಾದರೂ ಸರಿ. ನಗಬೇಡ, ನೀನು ನಗುತ್ತಿರುವುದು ಇಲ್ಲಿಗೇ ಕಾಣುತ್ತದೆ. ನಿನ್ನ ಕೂಸು ಡುನ್ಯಾ ಚೆನ್ನಾಗಿದ್ದಾಳೆ. ಕೆಳಗೆ ಇನ್ನೆರಡು ಹಲ್ಲು ಬಂದಿವೆ, ಕುರ್ಚಿ ಹಿಡಿದು ಇಡೀ ಅಡುಗೆಮನೆ ಸುತ್ತುತ್ತಾಳೆ, ದಿನಕ್ಕೊಂದು ಸಲ ನಿನ್ನ ಫೋಟೋಗೆ ಮುತ್ತು ಕೊಟ್ಟು ಗಾಜೆಲ್ಲಾ ಜೊಲ್ಲು ಮಾಡುತ್ತಾಳೆ. ನಾನು ಒರೆಸುತ್ತೇನೆ, ಅವಳು ಮತ್ತೆ ಮಾಡುತ್ತಾಳೆ. ಹಾಲು ಸರಿಯಾಗಿ ಕುಡಿಯುತ್ತಾಳೆ, ಅವಳ ಚಿಂತೆ ನಿನಗೆ ಬೇಡ. ನನ್ನ ಮೊಣಕಾಲು ಮಾಮೂಲು.

ಫೋನಿರುವಾಗ ಈ ಮುದುಕಿ ಕಾಗದ ಯಾಕೆ ಬರೆದಳು ಅಂತ ನೀನು ಕೇಳುತ್ತೀಯ. ಫೋನಿನಲ್ಲಿ ನಮ್ಮಿಬ್ಬರ ಕಥೆ ನಿನಗೇ ಗೊತ್ತು. ನಾನು ಬಾಯಿ ತೆರೆದರೆ ಬೈಗುಳ, ನೀನು ಬಾಯಿ ತೆರೆದರೆ ಅಳು, ನಡುವೆ ಮಾತೇ ಆಗುವುದಿಲ್ಲ. ಹೋದ ವಾರವೂ ಹಾಗೇ ಆಯಿತು. "ಅತ್ತೆ, ಸಾಕು. ತಂಡದ ಆಯ್ಕೆ ಸುತ್ತಿಗೆ ನಿಲ್ಲಲ್ಲ, ಅದಕ್ಕೆ ಮುಂಚಿನ ಭಾನುವಾರಾನೇ ಮನೆಗೆ ಬಂದ್ಬಿಡ್ತೀನಿ. ಆ ರೈಫಲ್‌ನ ಕೋಚ್ ಮಿಲಾದಿನ್ ಅವರ ತಂಗಿ ಮಗಳಿಗೆ ಕೊಟ್ಬಿಡಿ, ಅವಳಾದ್ರೂ ಹೊಡೀಲಿ" ಅಂದೆ ನೀನು. ಫೋನು ಇಟ್ಟ ಮೇಲೆ ನಾನು ಎಷ್ಟೋ ಹೊತ್ತು ನೀನು ಬಿಟ್ಟುಹೋದ ರೈಫಲ್‌ನ ಕಪ್ಪು ಪೆಟ್ಟಿಗೆ ನೋಡುತ್ತಾ ಕೂತಿದ್ದೆ. ಈಗ ಈ ಕಾಗದ ಅದೇ ಪೆಟ್ಟಿಗೆಯೊಳಗೆ ಇದೆ. ಅಂದರೆ ನಿನ್ನ ರೈಫಲ್ ನಿನ್ನ ಮುಂದೆ ಇದೆ. ಅದನ್ನು ಇನ್ನೂ ಮುಟ್ಟಬೇಡ. ಪೂರ್ತಿ ಓದು, ಆಮೇಲೆ ಮುಟ್ಟು.

ಜನವರಿಯಲ್ಲಿ ನೀನು ನಿಶ್‌ನ ಶೂಟಿಂಗ್ ಪಂದ್ಯದಿಂದ ಹತ್ತೊಂಬತ್ತನೇ ಸ್ಥಾನ ತಂದೆಯಲ್ಲ, ಆ ಸಂಜೆ ಊಟದ ಮೇಜಿನಲ್ಲಿ ಮೆಲ್ಲಗೆ ಒಂದು ಮಾತು ಹೇಳಿದೆ: "ರೈಫಲ್‌ನಲ್ಲೇ ಏನೋ ಇದೆ ಅನ್ಸುತ್ತೆ." ಅದಕ್ಕೆ ನಾನು ಸೌಟು ಕೆಳಗಿಡುವ ಮೊದಲೇ ಹೇಳಿಬಿಟ್ಟೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಹೆತ್ತ ಕೈ ಕಣಮ್ಮಾ, ಇನ್ನದು ತೊಟ್ಟಿಲಿಗೇ ಸರಿ." ನೀನು ಎದ್ದು ತಟ್ಟೆ ತೊಳೆದೆ. ಕ್ಲಬ್ಬಿನ ಮಿಲಾದಿನ್ ಕೂಡ ಅದನ್ನೇ ಹೇಳಿದ, ಸ್ವಲ್ಪ ಸಕ್ಕರೆ ಹಚ್ಚಿ. "ತಾಯಿ ಆದ್ಮೇಲೆ ಕೈ ಮೆತ್ತಗಾಗುತ್ತೆ ಸ್ತಾಮೆನಾ, ಗುರಿ ಹಿಡಿಯೋವಾಗ ಮಗು ನೆನಪಾಗುತ್ತೆ, ತಡ ಮಾಡ್ತಾಳೆ, ತಡ ಮಾಡಿದ್ದು ತಪ್ಪುತ್ತೆ. ಪ್ರಕೃತಿ!" ಇಪ್ಪತ್ತು ವರ್ಷದಿಂದ ತರಬೇತಿ ಕೊಡುವವನು ಹೇಳಿದ ಅಂತ ಎಲ್ಲರೂ ತಲೆಯಾಡಿಸಿದೆವು. ಆಮೇಲೆ ಗಾಳಿಯ ಒತ್ತಡದಲ್ಲಿ ಗುಂಡು ಹಾರಿಸುವ ಆ ರೈಫಲ್‌ಗೆ ತುಂಬಿಟ್ಟ ಗಾಳಿ ಬೆಳಗಾಗುವಷ್ಟರಲ್ಲಿ ಇಳಿಯುತ್ತಿದೆ ಅಂತ ನೀನು ಅದನ್ನು ಬಿಟ್ಟು, ಭುಜಕ್ಕೆ ಹೊಂದದ ಕ್ಲಬ್ಬಿನ ಹಳೆಯ ರೈಫಲ್ ಹೊತ್ತು ಶಿಬಿರಕ್ಕೆ ಹೋದೆ. "ಇದನ್ನ ತಯಾರಿಸಿದ ಜರ್ಮನಿಗೇ ಕಳಿಸ್ಬೇಕು, ಎರಡು ತಿಂಗಳಾಗುತ್ತೆ" ಅಂದ ಮಿಲಾದಿನ್. ಎರಡು ತಿಂಗಳಾದ ಮೇಲೆ ಅದು ಬಂದು ಏನು ಮಾಡಬೇಕು, ಆಯ್ಕೆ ಮುಗಿದ ಮೇಲೆ ಆರತಿ ಎತ್ತಬೇಕೆ?

ಆ ಪೆಟ್ಟಿಗೆ ನೋಡುತ್ತಾ ಕೂತಾಗ ನನಗೆ ನೆನಪಾದದ್ದು ನಿಮ್ಮ ಮದುವೆಯ ಸೇಬು. ನಮ್ಮ ಕಡೆಯವರು ಡೋಲು ಬಡಿಸಿಕೊಂಡು ನಿಮ್ಮ ಮನೆ ಬಾಗಿಲಿಗೆ ಬಂದದ್ದು, ನಿನ್ನಪ್ಪ ಉದ್ದ ಗಳುವಿನ ತುದಿಗೆ ಸೇಬು ಕಟ್ಟಿ ನಿಲ್ಲಿಸಿದ್ದು, ಅದನ್ನು ಗಂಡಿನ ಕಡೆಯವರು ಬಂದೂಕಿನಿಂದ ಹೊಡೆದು ಬೀಳಿಸುವ ತನಕ ಹೆಣ್ಣು ಹೊರಗೆ ಬರುವುದಿಲ್ಲ ಅಂದದ್ದು. ನನ್ನ ಮಗ ಹೊಡೆದ, ತಪ್ಪಿತು. ಅವನ ಚಿಕ್ಕಪ್ಪ ಹೊಡೆದ, ಗಳುವಿನ ಪಕ್ಕದ ಹೊಗೆಗೂಡಿಗೆ ಬಿತ್ತು. ಇನ್ನಿಬ್ಬರಿಗೆ ಪ್ಲಮ್ ಸಾರಾಯಿ ನೆತ್ತಿಗೇರಿ ಸೇಬು ಯಾವ ಕಡೆ ಇದೆ ಅಂತಲೇ ಗೊತ್ತಾಗಲಿಲ್ಲ. ಅರ್ಧ ಗಂಟೆ ಆಯಿತು, ಪಾದ್ರಿ ಗಡಿಯಾರ ನೋಡಿದರು. ಆಗ ಬಿಳೀ ಉಡುಪಿನಲ್ಲಿ ನೀನೇ ಕಿಟಕಿಗೆ ಬಂದೆ, "ಕೊಡ್ರೋ ಇಲ್ಲಿ, ಇಗರ್ಜಿಯಲ್ಲಿ ಮೇಣದ ಬತ್ತಿ ಕರಗಿ ಹೋಗ್ತಿದೆ" ಅಂದು ಬಂದೂಕು ತೆಗೆದುಕೊಂಡು ಒಂದೇ ಏಟಿಗೆ ಸೇಬಿನ ತೊಟ್ಟು ಕತ್ತರಿಸಿದೆ. ಸೇಬಿಗೆ ಗಾಯವೂ ಆಗಿರಲಿಲ್ಲ. ಅವತ್ತು ನನಗೆ ನೆಲ ಬಿರಿಯಬಾರದೇ ಅನ್ನಿಸಿತ್ತು, ನಮ್ಮ ಗಂಡಸರ ಮರ್ಯಾದೆ ಬೀದಿಗೆ ಬಿತ್ತು ಅಂತ. ಒಂದು ವರ್ಷ ಆ ಮಾತು ಎತ್ತಿದವರ ಮೇಲೆ ಹರಿಹಾಯುತ್ತಿದ್ದೆ. ಈಗ ಹೇಳುತ್ತೇನೆ ಕೇಳು, ಎರಡು ವರ್ಷದಿಂದ ಆ ಕಥೆಯನ್ನು ರೊಟ್ಟಿ ಅಂಗಡಿಯ ಸಾಲಿನಲ್ಲಿ, ದಂತ ವೈದ್ಯರ ಬೆಂಚಿನಲ್ಲಿ, ಎಲ್ಲೆಂದರಲ್ಲಿ ಹೇಳುವವಳು ನಾನೇ. ಪಕ್ಕದ ಮನೆ ಪೆರ್ಸಾ ಕಿವಿ ಮುಚ್ಚಿಕೊಳ್ಳುತ್ತಾಳೆ. ಇಂಥ ಕೈ ಒಂದು ಮಗು ಹೆತ್ತ ಮಾತ್ರಕ್ಕೆ ಮೆತ್ತಗಾಗುತ್ತದೆಯೇ ಅಂತ ನನಗೆ ಅವತ್ತೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಸರಿ, ಶುಕ್ರವಾರ ಬೆಳಿಗ್ಗೆ ನಾನು ನಿನ್ನ ರೈಫಲ್‌ನ ಗಾಳಿ ಸಿಲಿಂಡರ್ ಬಿಚ್ಚಿ, ಅದರ ಮೇಲೆ ಕೊರೆದ ತಾರೀಖು ನೋಡಿ, ಇನ್ನೂ ನಾಲ್ಕು ವರ್ಷ ಆಯಸ್ಸಿದೆ ಅಂತ ಖಾತ್ರಿ ಮಾಡಿಕೊಂಡು, ಚೀಲದಲ್ಲಿ ಈರುಳ್ಳಿ ಸೊಪ್ಪಿನ ನಡುವೆ ಇಟ್ಟುಕೊಂಡು ಕ್ಲಬ್ಬಿಗೆ ಹೋದೆ. ಮಿಲಾದಿನ್ ದೊಡ್ಡ ಸಿಲಿಂಡರಿನಿಂದ ಭರ್ರನೆ ತುಂಬಿಸಲು ಹೊರಟ. "ನಿಧಾನ ಕಣಯ್ಯಾ, ಬಿಸಿ ಆಗುತ್ತೆ, ಬಿಸಿ ಗಾಳಿ ಆರಿದ್ಮೇಲೆ ಇಳಿಯುತ್ತೆ, ಆಮೇಲೆ ಸೋರಿತು ಅಂತೀಯ" ಅಂದೆ. ನನ್ನ ಮುಖ ನೋಡಿದ. ನಾನು ಮೂವತ್ತೊಂದು ವರ್ಷ ರಬ್ಬರ್ ಕಾರ್ಖಾನೆಯ ತಪಾಸಣೆ ಮೇಜಿನಲ್ಲಿ ಕೂತವಳು ಅನ್ನುವುದು ಜನಕ್ಕೆ ಮರೆತೇಹೋಗಿದೆ. ಲಾರಿ ಬ್ರೇಕಿನ ವಾಷರು ದಿನಕ್ಕೆ ಎರಡು ಸಾವಿರ ಈ ಬೆರಳ ಸಂದಿಯಲ್ಲಿ ಹಾದುಹೋಗುತ್ತಿತ್ತು. ನನ್ನ ಉಗುರು ತಳ್ಳಿಹಾಕಿದ ವಾಷರನ್ನು ಯಂತ್ರ ಪಾಸು ಮಾಡಿದ್ದುಂಟು, ನನ್ನ ಉಗುರು ಪಾಸು ಮಾಡಿದ್ದು ರಸ್ತೆಯಲ್ಲಿ ಕೈಕೊಟ್ಟದ್ದಿಲ್ಲ. ಜಂಬ ಅನ್ನು, ಏನಾದರೂ ಅನ್ನು.

ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಇನ್ನೂರಕ್ಕೆ ನಿಂತಿತು. ಮನೆಗೆ ತಂದು ಒಂದು ದಿನ ಸಿಲಿಂಡರನ್ನು ಬೇರೆಯೇ ಇಟ್ಟೆ. ಮರುದಿನವೂ ಇನ್ನೂರು. ಹಾಗಾದರೆ ಸಿಲಿಂಡರ್ ನಿರ್ದೋಷಿ. ರೈಫಲ್‌ಗೆ ತಿರುಗಿಸಿ ಜೋಡಿಸಿಟ್ಟೆ. ಮಾರನೇ ಬೆಳಿಗ್ಗೆ ನೂರಾನಲವತ್ತು. ಕಳ್ಳ ಒಳಗೇ ಇದ್ದಾನೆ. ಡುನ್ಯಾಳ ಶಾಂಪೂ ನೊರೆ ಮಾಡಿ, ರೊಟ್ಟಿಗೆ ಮೊಟ್ಟೆ ಸವರುವ ಕುಂಚದಲ್ಲಿ ಜೋಡಣೆಯ ಸುತ್ತಲೂ ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಆಗ ನಿನ್ನ ದಿಂಬಿನಿಂದ ಒಂದು ಹೆಬ್ಬಾತಿನ ಪುಕ್ಕ ಎಳೆದು, ದಾರಕ್ಕೆ ಕಟ್ಟಿ, ಒಳಗೆ ಗುಂಡಿಲ್ಲ ಅಂತ ಎರಡೆರಡು ಸಲ ನೋಡಿ, ಪಕ್ಕದಲ್ಲಿ ನಿಂತು ನಳಿಗೆಯ ಬಾಯಿಗೆ ಇಳಿಬಿಟ್ಟೆ. ಪುಕ್ಕ ನಡುಗಿತು ನೆವೆನಾ! ಯಾರೂ ಉಸಿರಾಡದೆ ನಿಂತರೂ ನಡುಗುತ್ತಿತ್ತು. "ಹಾಯುಗಾಳಿ ಎಲ್ಲಿದ್ರೂ ಅಮ್ಮಂಗೆ ಸಿಕ್ಕಿಬೀಳುತ್ತೆ, ಬಂದೂಕಿನೊಳಗಿದ್ರೂ ಬಿಡಲ್ಲ" ಅಂತ ರಾಂಜೆಲ್ ನಕ್ಕ. ನಗಲಿ. ಕಿಟಕಿಯಿಂದ ಬಾಗಿಲಿಗೆ ಹಾಯುವ ಗಾಳಿಯಷ್ಟು ಜನರನ್ನು ಯಾವ ಯುದ್ಧವೂ ಕೊಂದಿಲ್ಲ, ನಾನು ಅದನ್ನು ಹೇಳುತ್ತಲೇ ಇರುವವಳು.

ಗಾಳಿ ಸೋರುತ್ತಿದೆ, ಸರಿ. ಆದರೆ ಪಂದ್ಯದ ದಿನ ನೀನು ಹೊಸದಾಗಿ ತುಂಬಿಸಿಕೊಂಡೇ ಹೋಗುತ್ತಿದ್ದೆಯಲ್ಲ, ಮತ್ತೆ ಗುಂಡು ಯಾಕೆ ತಪ್ಪಬೇಕು? ಇದು ನನ್ನ ತಲೆ ತಿನ್ನುತ್ತಿತ್ತು. ಅದಕ್ಕೇ ಒಂದು ಕೆಲಸ ಮಾಡಿದೆ, ಕ್ಷಮಿಸಬೇಕು. ನಿನ್ನ ಹಸಿರು ನೋಟ್‌ಬುಕ್ ತೆರೆದು ಓದಿದೆ. ಒಂದೊಂದು ಗುಂಡಿಗೂ ಎಷ್ಟು ಹೊತ್ತು ಹಿಡಿದೆ, ಎಷ್ಟು ಅಂಕ ಬಂತು, ಏಟು ಎಲ್ಲಿ ಬಿತ್ತು ಅಂತ ಬರೆದಿದ್ದೀಯ. ಬೇಗ ಹೊಡೆದದ್ದು, ಹತ್ತು. ಬೇಗ, ಹತ್ತು. ನಿಧಾನ, ಎಂಟು, ಮೇಲೆ. ನಿಧಾನ, ಒಂಬತ್ತು, ಮೇಲೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಮತ್ತೆ ನನ್ನ ತಪ್ಪು. ಮನಸ್ಸು ಮನೆಗೆ ಹೋಯಿತು." ನಾಲ್ಕು ಪುಟ ಹಾಗೇ ಇದೆ. ಓದಿ ನನ್ನ ಕನ್ನಡಕ ಮಂಜಾಯಿತು. ಆಮೇಲೆ ಒರೆಸಿಕೊಂಡು ಮತ್ತೆ ನೋಡಿದೆ. ತಪ್ಪಿದ್ದು ಅಲ್ಲಿ ಇಲ್ಲಿ ಅಲ್ಲ, ಪ್ರತಿ ಸಲವೂ ಮೇಲೆಯೇ! ನಡುಗುವ ಕೈ ನಾಲ್ಕು ದಿಕ್ಕಿಗೂ ತಪ್ಪುತ್ತದೆ. ಯಾವಾಗಲೂ ಒಂದೇ ಕಡೆ ತಪ್ಪುವ ಕೈ ಎಲ್ಲಿಯೂ ಇಲ್ಲ.

ಪರೀಕ್ಷೆ ಮಾಡಲೇಬೇಕಾಯಿತು. ಹತ್ತು ಮೀಟರ್ ಜಾಗ ಬೇಕು. ನಮ್ಮ ಮನೆ ಎಷ್ಟುದ್ದ ಇದೆ ನಿನಗೆ ಗೊತ್ತು. ರಾಂಜೆಲ್ ಟೇಪು ಹಿಡಿದು ಅಳೆದ, ತಲೆ ಕೆರೆದ, ಕೊನೆಗೆ ಹೆದರಿ ಹೆದರಿ ಹೇಳಿದ: ಮೇಜನ್ನು ಬೀದಿ ಬಾಗಿಲ ಹೊಸ್ತಿಲಿಗೆ ಎಳೆಯಬೇಕು, ಹಿತ್ತಲ ಬಾಗಿಲು ತೆಗೆಯಬೇಕು, ಗುರಿಹಲಗೆಯನ್ನು ಸೌದೆ ಕೊಟ್ಟಿಗೆಯ ಗೋಡೆಗೆ ನಿಲ್ಲಿಸಬೇಕು, ಆಗ ಸರಿಯಾಗಿ ಹತ್ತಾಗುತ್ತದೆ. ಅಂದರೆ ಎರಡೂ ಬಾಗಿಲು, ಒಟ್ಟಿಗೆ, ಫೆಬ್ರವರಿಯಲ್ಲಿ! ನಾನು ಈ ಮನೆಗೆ ಬಂದು ನಲವತ್ತೆರಡು ವರ್ಷ. ನಿನ್ನ ಮಾವನ ಹೆಣ ಹೊರಡುವಾಗಲೂ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆಗೆಸಿದವಳು ನಾನು. ಡುನ್ಯಾಳನ್ನು ಪೆರ್ಸಾಳ ಮನೆಗೆ ಕಳಿಸಿ, ಸೊಂಟಕ್ಕೆ ಎರಡು ಶಾಲು ಸುತ್ತಿ, ತಲೆಗೆ ವಸ್ತ್ರ ಕಟ್ಟಿ, ಶಿಲುಬೆಯ ಗುರುತು ಮಾಡಿಕೊಂಡು "ತೆಗೆಯೋ" ಅಂದೆ. "ಅಮ್ಮಾ, ಹುಷಾರಾಗಿದ್ದೀಯಾ?" ಅಂತ ನನ್ನ ಹಣೆ ಮುಟ್ಟಿ ನೋಡಿದ ನಿನ್ನ ಗಂಡ. ಪೆರ್ಸಾ ಬೇಲಿಯಾಚೆಯಿಂದ "ಸ್ತಾಮೆನಾಗೆ ಏನಾಯ್ತು, ಯಾರಾದ್ರೂ ಹೋಗ್ಬಿಟ್ರಾ?" ಅಂತ ಕೂಗಿದಳು.

ರೈಫಲನ್ನು ಎರಡು ಹಿಟ್ಟಿನ ಚೀಲದ ಮೇಲೆ ಅಲ್ಲಾಡದಂತೆ ಕೂರಿಸಿದೆವು. ಕೈಯ ಮಾತೇ ಬೇಡ, ಚೀಲಕ್ಕೆ ಮಗು ನೆನಪಾಗುವುದಿಲ್ಲ. ರಾಂಜೆಲ್ ಐದು ಗುಂಡು ಪಟಪಟನೆ ಹೊಡೆದ. ಆಮೇಲೆ ಒಂದೊಂದು ಗುಂಡಿಗೂ ನಾನು "ಪರಲೋಕದಲ್ಲಿರುವ ನಮ್ಮ ತಂದೆಯೇ" ಇಂದ "ಆಮೆನ್" ತನಕ ಇಡೀ ಪ್ರಾರ್ಥನೆ ಹೇಳಿ ಮುಗಿಸಿದ ಮೇಲೆ ಅವನು ರೈಫಲ್‌ನ ಕುದುರೆ ಎಳೆಯಬೇಕು, ಹಾಗೆ ಐದು. ಗಡಿಯಾರ ನನಗೆ ಬೇಡ, ನನ್ನ ಪ್ರಾರ್ಥನೆ ಒಂದು ದಿನವೂ ಹೆಚ್ಚುಕಡಿಮೆ ಆಗಿಲ್ಲ. ಕಾಗದ ತಂದು ಬೆಳಕಿಗೆ ಹಿಡಿದೆವು. ಬೇಗ ಹೊಡೆದ ಐದೂ ಚುಕ್ಕೆಯ ಮೇಲೆ ಒಂದೇ ತೂತು. ಪ್ರಾರ್ಥನೆಯ ಐದು, ಅಕ್ಕಿಕಾಳಿನ ಅಗಲದಷ್ಟು ಮೇಲೆ, ಅವೂ ಒಂದೇ ತೂತು. ರಾಂಜೆಲ್ ಎರಡು ತೂತಿನ ಮೇಲೂ ಬೆರಳಿಟ್ಟ. "ಅಂದ್ರೆ ಅವಳಲ್ಲ" ಅಂದ. "ಅವಳಲ್ಲ ಕಣೋ" ಅಂದೆ ನಾನು. ನೆಲವೇ ಡೊಂಕಾಗಿತ್ತು ನೆವೆನಾ. ನೀನು ಎಷ್ಟು ಎಚ್ಚರದಿಂದ, ಎಷ್ಟು ತಾಳ್ಮೆಯಿಂದ ಹೊಡೆದೆಯೋ ಅಷ್ಟೂ ಅದು ನಿನಗೆ ಮೋಸ ಮಾಡಿತು.

ಯಾಕೆ ಅಂತ ಹೇಳುತ್ತೇನೆ. ಸಿಲಿಂಡರಿನ ಗಾಳಿ ನೇರವಾಗಿ ಗುಂಡಿಗೆ ಹೋಗುವುದಿಲ್ಲ, ನಡುವೆ ಹೆಬ್ಬೆರಳಿನಷ್ಟು ಹಿತ್ತಾಳೆಯ ರೆಗ್ಯುಲೇಟರ್ ಇದೆ. ಹಾಲಿನವಳು ದೊಡ್ಡ ಕ್ಯಾನಿನಿಂದ ಪ್ರತಿ ಮನೆಗೂ ಒಂದೇ ಪಾವು ಅಳೆಯುವ ಹಾಗೆ, ಅದು ಪ್ರತಿ ಗುಂಡಿಗೂ ಒಂದೇ ಅಳತೆಯ ಗಾಳಿ ಕೊಟ್ಟು ಬಾಯಿ ಮುಚ್ಚಿಕೊಳ್ಳಬೇಕು. ನಿನ್ನದು ಮುಚ್ಚಿಕೊಳ್ಳುತ್ತಿರಲಿಲ್ಲ. ನೀನು ಕಾದಷ್ಟು ಹೊತ್ತೂ ಪಾವಿಗೆ ಹಾಲು ಸೋರುತ್ತಲೇ ಇತ್ತು, ಹೆಚ್ಚು ಗಾಳಿ, ಗುಂಡಿಗೆ ಹೆಚ್ಚು ವೇಗ, ಏಟು ಮೇಲೆ. ರೈಫಲ್ ಸುಮ್ಮನೆ ಇಟ್ಟರೆ ಉಕ್ಕಿದ್ದು ನಳಿಗೆಯಿಂದ ಮೆಲ್ಲಗೆ ಹೊರಗೆ. ಅದೇ ನಮ್ಮ ಪುಕ್ಕ ಅಲ್ಲಾಡಿಸಿದ್ದು.

ಸೋಮವಾರ ಆ ರೆಗ್ಯುಲೇಟರ್ ಬಿಚ್ಚಿದೆ. ರಾಂಜೆಲ್ ಬೇಡ ಬೇಡ ಅಂದ, ಮಿಲಾದಿನ್ ತಲೆ ತೆಗೀತಾನೆ ಅಂದ. ಪೆಟ್ಟಿಗೆಯ ಪುಸ್ತಕದಲ್ಲಿ ಚಿತ್ರ ಇತ್ತು, ಚಿತ್ರ ಓದಲು ಜರ್ಮನ್ ಬೇಕಿಲ್ಲ. ಮೊದಲು ಸಿಲಿಂಡರ್ ಕಳಚಿ, ಒಳಗುಳಿದ ಗಾಳಿಯೆಲ್ಲಾ ಹೋಗುವ ತನಕ ಬರೀ ಕುದುರೆ ಎಳೆದೆ. ಗಾಳಿ ತುಂಬಿದ್ದನ್ನು ಬಿಚ್ಚುವವನು ನಾಳೆಯ ರೊಟ್ಟಿ ತಿನ್ನುವುದಿಲ್ಲ ಅಂತ ನಮ್ಮ ಕಾರ್ಖಾನೆಯ ಮೇಸ್ತ್ರಿ ಹೇಳುತ್ತಿದ್ದ. ಹಬ್ಬದ ರೊಟ್ಟಿ ಮುಚ್ಚುವ ಬಿಳಿ ವಸ್ತ್ರ ಮೇಜಿಗೆ ಹಾಸಿ, ಕಳಚಿದ್ದನ್ನೆಲ್ಲಾ ಕಳಚಿದ ಸಾಲಿನಲ್ಲೇ ಇಟ್ಟೆ. ಗಾಳಿಯ ಅಳತೆ ಹೊಂದಿಸುವ ತಿರುಪು ಇದ್ದ ಜಾಗಕ್ಕೆ ಸೂಜಿಯಿಂದ ಗೀರು ಹಾಕಿಕೊಂಡೆ, ಅದನ್ನು ಕೂದಲಷ್ಟೂ ಅಲ್ಲಾಡಿಸಿಲ್ಲ, ಆಣೆ. ಪುಟ್ಟ ತಟ್ಟೆಗಳ ಹಾಗೆ ಒಂದರ ಮೇಲೊಂದು ಕೂತಿದ್ದ ಸ್ಪ್ರಿಂಗುಗಳನ್ನು ಯಾವುದರ ಹೊಟ್ಟೆ ಯಾವ ಕಡೆಗಿತ್ತೋ ಹಾಗೇ ದಾರಕ್ಕೆ ಪೋಣಿಸಿ ಗಂಟು ಹಾಕಿದೆ. ಒಳಗೆ ಸಿಕ್ಕಿತು ಕಳ್ಳ. ಬಟಾಣಿಯಷ್ಟೂ ಇಲ್ಲದ ಒಂದು ಕಪ್ಪು ರಬ್ಬರ್ ಉಂಗುರ. ಉಗುರಲ್ಲಿ ಒತ್ತಿದೆ, ಅಂಗಿಯ ಗುಂಡಿಯ ಹಾಗೆ ಗಟ್ಟಿ. ಬೆಳಕಿಗೆ ಹಿಡಿದೆ, ಕೂದಲೆಳೆಯ ಬಿರುಕು. ನಮ್ಮ ಮೇಜಿಗೆ ಬಂದಿದ್ದರೆ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ.

ನಿನ್ನ ಕಪಾಟಿನ ಖಾನೆಯಲ್ಲಿ ರೈಫಲ್ ತಯಾರಿಸಿದವರೇ ಕೊಟ್ಟ ಬಿಡಿ ಉಂಗುರಗಳ ಪೊಟ್ಟಣ ಇತ್ತು, ನೀನು ಬಿಚ್ಚಿಯೇ ಇಲ್ಲ. ಅದೇ ಅಳತೆಯವು ಎರಡು. ಮೊದಲನೆಯದನ್ನು ತಳ್ಳಿಹಾಕಿದೆ, ಅಚ್ಚಿನ ಗೆರೆ ಎದ್ದು ನಿಂತಿತ್ತು. ಎರಡನೆಯದು ಹದಿಹರೆಯದ ಹುಡುಗಿಯ ಹಾಗೆ! ಒತ್ತಿದರೆ ತಕ್ಷಣ ತಿರುಗಿ ಬರುತ್ತಿತ್ತು. ಅಷ್ಟರಲ್ಲಿ ಪೆರ್ಸಾ ಕಾಫಿಗೆ ಬಂದು, "ಸ್ವಲ್ಪ ಹಂದಿ ಕೊಬ್ಬು ಸವರು, ಜಾರ್ಕೊಂಡು ಹೋಗುತ್ತೆ. ಇಲ್ಲಾಂದ್ರೆ ಸಾರಾಯಿಯಲ್ಲಿ ತೊಳಿ" ಅಂತ ಉಪದೇಶ ಶುರುಮಾಡಿದಳು. "ಕೊಬ್ಬನ್ನ ನಿನ್ನ ಮೊಣಕಾಲಿಗೆ ಹಚ್ಕೋ, ಸಾರಾಯಿನ ನಿನ್ನ ಗಂಡನಿಗೆ ಕೊಡು, ನನ್ನ ಉಂಗುರದ ಸುದ್ದಿಗೆ ಬರಬೇಡ" ಅಂದೆ. ಇಷ್ಟು ಒತ್ತಡದಲ್ಲಿ ಎಣ್ಣೆ, ಕೊಬ್ಬು ಸಿಕ್ಕರೆ ಗಾಳಿಯೇ ಬೆಂಕಿ ಹಚ್ಚುತ್ತದೆ. ಪೊಟ್ಟಣದ ಜೊತೆಗಿದ್ದ ಸಿಲಿಕೋನ್ ಮುಲಾಮು, ಅದೂ ಬೆರಳ ತುದಿ ಮಿನುಗುವಷ್ಟು, ಅಷ್ಟೇ.

ಮುಚ್ಚಿ ಜೋಡಿಸಿದೆ, ಪುಕ್ಕ ಹಿಡಿದೆ. ಮೊದಲಿಗಿಂತ ಜೋರಾಗಿ ನಡುಗಿತು! ಮತ್ತೆ ಗಾಳಿ ಬಿಟ್ಟು, ಮತ್ತೆ ಬಿಚ್ಚಿ ನೋಡಿದರೆ ಉಂಗುರದ ಮೇಲೆ ಒಂದು ಬಿಳಿ ಎಳೆ. ನನ್ನ ಹಬ್ಬದ ವಸ್ತ್ರದ ನೂಲು! ಶೋಕಿ ಮಾಡಲು ಹೋಗಿ ಆದದ್ದು. ವಸ್ತ್ರ ತೆಗೆದು ಬರೀ ಗಾಜಿನ ತಟ್ಟೆಯ ಮೇಲೆ ಎಲ್ಲವನ್ನೂ ಒರೆಸಿ, ಸಿಲಿಂಡರನ್ನು ಕ್ಲಬ್ಬಿನಲ್ಲಿ ಮತ್ತೆ ಇನ್ನೂರಕ್ಕೆ ತುಂಬಿಸಿ ತರಿಸಿ ಜೋಡಿಸಿದೆ. ಈ ಸಲ ಪುಕ್ಕ ಸತ್ತ ಹಾಗೆ ನೇತಾಡಿತು. ಮರುದಿನ ಬೆಳಿಗ್ಗೆ ಮುಳ್ಳು ನೋಡಲು ನನಗೆ ಧೈರ್ಯ ಬರಲಿಲ್ಲ, ರಾಂಜೆಲ್‌ನನ್ನು ಕಳಿಸಿದೆ. "ಇನ್ನೂರು!" ಅಂತ ಅವನು ಕೂಗಿದ್ದಕ್ಕೆ ಡುನ್ಯಾ ಬೆಚ್ಚಿ ಅತ್ತಳು, ನಾನೂ ಅವಳ ಜೊತೆಗೆ ಒಂದಿಷ್ಟು.

ನಿನ್ನೆ ಮತ್ತೆ ಎರಡೂ ಬಾಗಿಲು ತೆಗೆದೆವು. ಐದು ಬೇಗ, ಐದು ಪ್ರಾರ್ಥನೆ. ಒಂಬತ್ತನ್ನು ರಾಂಜೆಲ್ ಹೊಡೆದ. ಹತ್ತನೆಯದಕ್ಕೆ "ಸರಿ ಆಚೆ" ಅಂದು ನಾನೇ ಕೂತು, ಇಡೀ ಪ್ರಾರ್ಥನೆ ಹೇಳಿ, ಸಾಲದ್ದಕ್ಕೆ ನಿನ್ನ ಹೆಸರಿನಲ್ಲಿ ಇನ್ನೊಂದು ಸಲ ಹೇಳಿ ಎಳೆದೆ. ಹತ್ತಕ್ಕೆ ಹತ್ತೂ ಒಂದೇ ತೂತು. ಎರಡು ಕಾಗದವನ್ನೂ ಇದರೊಳಗೆ ಇಟ್ಟಿದ್ದೇನೆ, ಎರಡು ತೂತಿನದು ಹಳೆಯದು, ಒಂದು ತೂತಿನದು ನಿನ್ನೆಯದು. ಶಿಬಿರದಲ್ಲಿ ಯಾರಾದರೂ ಹೆತ್ತ ಕೈ ಅಂತ ಬಾಯಿ ತೆರೆದರೆ ಮುಖಕ್ಕೆ ಹಿಡಿ. ಸಂಜೆ ಮಿಲಾದಿನ್ ಬಂದು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದ. "ಯಾರು ಬಿಚ್ಚಿದ್ದು? ಜರ್ಮನಿಗೆ ಕಳಿಸಿದ್ರಾ?" "ಜರ್ಮನಿ ನಮ್ಮ ಅಡುಗೆಮನೆಗೇ ಬಂದಿತ್ತು, ಕಾಫಿ ಕುಡಿದು ಹೋಯ್ತು" ಅಂದೆ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಾನು ಆ ಹುಡುಗಿ ಹತ್ರ ಕ್ಷಮೆ ಕೇಳ್ಬೇಕು" ಅಂದ. "ಕೇಳು, ನಾನು ಎಳೆದುಕೊಂಡು ಹೋಗ್ತೀನಿ" ಅಂದೆ. ಆಮೇಲೆ ಕೇಳಿದ, ಮೂರು ವರ್ಷದ ರೈಫಲ್‌ನಲ್ಲಿ ಉಂಗುರ ಅಷ್ಟು ಬೇಗ ಯಾಕೆ ಒಣಗಿತು ಅಂತ. ವಯಸ್ಸು, ಇನ್ನೇನು ಅಂದುಬಿಟ್ಟೆ.

ಇನ್ನು ನೀನು ಮಾಡಬೇಕಾದದ್ದು. ಸಿಲಿಂಡರ್ ಬೇರೆ ಇಟ್ಟಿದ್ದೇನೆ, ಅಲ್ಲೇ ತುಂಬಿಸಿಕೋ, ನಿಧಾನವಾಗಿ. ಅದರ ಬಾಯಿಯನ್ನು ಒಣ ಬಟ್ಟೆಯಿಂದ ಒರೆಸಿಯೇ ಜೋಡಿಸು. ಪೆಟ್ಟಿಗೆಯ ಮುಚ್ಚಳದಲ್ಲಿ ಇಸ್ತ್ರಿ ಮಾಡಿದ ಹಾಗೆ ಒತ್ತಿ ಒಣಗಿಸಿದ ನಮ್ಮೂರ ಸಾಸೇಜು ನಾಲ್ಕಿವೆ, ಮೂರು ಪದರ ಕಾಗದ ಸುತ್ತಿದ್ದೇನೆ. ಅದನ್ನು ತಿಂದ ಕೈ ತೊಳೆಯದೆ ರೈಫಲ್ ಮುಟ್ಟಬೇಡ. ಮುಂದಿನ ಬುಧವಾರ ಆಯ್ಕೆ ಸುತ್ತಿನಲ್ಲಿ ಎಷ್ಟು ಬೇಕೋ ಅಷ್ಟು ಹೊತ್ತು ಹಿಡಿ. ಮಗು ನೆನಪಾದರೆ ಆಗಲಿ, ನೆನೆದುಕೊಂಡೇ ಹೊಡೆ, ಗುಂಡಿಗೆ ಅದೆಲ್ಲಾ ತಿಳಿಯುವುದಿಲ್ಲ. ಗೆದ್ದು ಬಾ ಅಂತ ನಾನು ಹೇಳುವುದಿಲ್ಲ, ಗೆಲ್ಲುವುದು ಬಿಡುವುದು ಅವತ್ತಿನದು. ಸೇಬಿನ ತೊಟ್ಟು ಹೊಡೆದವಳು ನಮ್ಮ ಮನೆಯವಳು ಅನ್ನುವುದು ಎಲ್ಲ ದಿನದ್ದು. ಪೆರ್ಸಾಳ ನೆನಪುಗಳು, ಮಿಲಾದಿನ್‌ನ ತಗ್ಗಿದ ತಲೆ, ಡುನ್ಯಾಳ ಜೊಲ್ಲಿನ ಮುತ್ತು, ಎಲ್ಲವೂ ಇದರೊಳಗಿವೆ. ದೇವಮಾತೆ ನಿನ್ನ ಕಣ್ಣಿಗೆ ಬೆಳಕು, ಕೈಗೆ ನೆಮ್ಮದಿ ಕೊಡಲಿ.

ನಿನ್ನ ಅತ್ತೆ,
ಸ್ತಾಮೆನಾ

ಮರೆತಿದ್ದು: ಈ ಪೆಟ್ಟಿಗೆ ನಿನಗೆ ತಲುಪಿಸಲು ಹೊರಟ ರಾಂಜೆಲ್ ಬೀದಿಯಲ್ಲಿ ಹಾರ್ನ್ ಮಾಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ವಯಸ್ಸು ಅಂತ ಮಿಲಾದಿನ್‌ಗೆ ಹೇಳಿದ್ದು ಸುಳ್ಳು. ನೀನು ನಿನ್ನ ಪೆಟ್ಟಿಗೆಯನ್ನು ತಣ್ಣನೆ ಉಗ್ರಾಣದಲ್ಲಿ ಇಡುತ್ತಿದ್ದೆಯಲ್ಲ, ಅಲ್ಲಿ ಕಿಟಕಿಯಿಂದ ಬಾಗಿಲಿಗೆ ಗಾಳಿ ಹಾಯುತ್ತದೆ, ಪಾಪ ಅದಕ್ಕೆ ಥಂಡಿ ಹಿಡಿಯುತ್ತದೆ ಅಂತ ನವೆಂಬರಿನಲ್ಲಿ ನಾನೇ ಎತ್ತಿ ತಂದು ಸೌದೆ ಒಲೆಯ ಹಿಂದೆ ಇಟ್ಟೆ. ನೀನು ಅಭ್ಯಾಸಕ್ಕೆ ತೆಗೆದುಕೊಂಡು ಹೋಗಿ ತಂದಾಗಲೆಲ್ಲಾ ಮತ್ತೆ ಅಲ್ಲೇ ಇಟ್ಟೆ. ಮಗು ನೋಡಿಕೊಳ್ಳುವ ಅತ್ತೆಯ ಜೊತೆ ಯಾಕೆ ವಾದ ಅಂತ ನೀನು ಸುಮ್ಮನಾದೆ. ಬೆಂಕಿಯ ಹತ್ತಿರ ರಬ್ಬರ್ ಇಡಬಾರದು ಅಂತ ಮೂವತ್ತೊಂದು ವರ್ಷ ಹೊಸ ಹುಡುಗಿಯರಿಗೆ ಪಾಠ ಹೇಳಿದವಳು ನಾನು! ನಿನಗೆ ನೆಲ ಡೊಂಕು ಅಂತ ಚುಚ್ಚಿದೆನಲ್ಲ, ಆ ಸಂಜೆ ನಿನ್ನ ರೈಫಲ್ ನನ್ನ ಬೆನ್ನ ಹಿಂದೆಯೇ ಬೇಯುತ್ತಿತ್ತು. ನೆಲ ಡೊಂಕು ಮಾಡಿದವಳೂ ನಾನೇ ಮಗಳೇ. ತಪ್ಪನ್ನು ಹೊಟ್ಟೆಗೆ ಹಾಕಿಕೋ. ಈಗ ಉಗ್ರಾಣದಲ್ಲಿ ನಿನ್ನ ಪೆಟ್ಟಿಗೆಗೆ ಗೂಟ ಹೊಡೆಸಿದ್ದೇನೆ, ಕಿಟಕಿ ಹಾಗೇ ತೆರೆದಿದೆ, ಯಾರೂ ಮುಚ್ಚುವುದಿಲ್ಲ. ಭಾನುವಾರ ಮಾತ್ರ ಬರಬೇಡ. ಬಂದೆಯೋ, ಎರಡೂ ಬಾಗಿಲು ತೆಗೆದು, ನಿನ್ನನ್ನು ಒದ್ದೆ ತಲೆಯಲ್ಲಿ ನಡುವೆ ಕೂರಿಸುತ್ತೇನೆ, ಪಕ್ಕದಲ್ಲಿ ನಾನೂ ಕೂರುತ್ತೇನೆ.